ಎರಡು ಎಚ್‌ಡಿಎಂಐ ಪೋರ್ಟು, ಆರು ಉಪಕರಣ: ನನ್ನ ಅನುಭವ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ 43 ಇಂಚಿನ 4ಕೆ ಟಿವಿಗೆ ಇರುವುದು ಎರಡೇ ಎಚ್‌ಡಿಎಂಐ ಪೋರ್ಟು, ಅಂದರೆ ಚಿತ್ರವನ್ನೂ ಧ್ವನಿಯನ್ನೂ ಒಂದೇ ತಂತಿಯಲ್ಲಿ ಪಡೆಯುವ ಕಿಂಡಿ. ಅದಕ್ಕೆ ಜೋಡಿಸಬೇಕಾಗಿದ್ದ ಸಾಮಾನುಗಳೋ ಆರು: ಡಿಟಿಎಚ್ ಸೆಟ್‌ಟಾಪ್ ಬಾಕ್ಸ್, ಓಟಿಟಿಗಾಗಿ ತಂದ ಸ್ಟಿಕ್, ಮಗನ ಗೇಮ್ ಕನ್ಸೋಲ್, ಸೌಂಡ್‌ಬಾರ್, ಆಗೀಗ ನನ್ನ ಲ್ಯಾಪ್‌ಟಾಪ್, ಮತ್ತು ಮದುವೆಯ ಡಿಸ್ಕುಗಳಿಗಾಗಿಯೇ ಉಳಿಸಿಕೊಂಡಿರುವ ಹಳೆಯ ಡಿವಿಡಿ ಪ್ಲೇಯರ್. ಬೇಕಾದಾಗಲೆಲ್ಲ ಒಂದನ್ನು ಕಿತ್ತು ಇನ್ನೊಂದನ್ನು ಚುಚ್ಚಿದರೆ ಆಗದೇ ಎಂದು ಕೇಳುವವರಿದ್ದಾರೆ. ಒಂದು ಎಚ್‌ಡಿಎಂಐ ಪ್ಲಗ್ಗಿನೊಳಗೆ ಕೂದಲೆಳೆಯಂಥ 19 ಪಿನ್ನುಗಳಿರುತ್ತವೆ. ಗೋಡೆಗೆ ಅಂಟಿಕೊಂಡಂತಿರುವ ಟಿವಿಯ ಹಿಂದೆ ಕೈ ತೂರಿಸಿ, ಕಣ್ಣಿಗೆ ಕಾಣದ ಕಡೆ ದಿನಾಲೂ ಅದನ್ನು ಒತ್ತುತ್ತಿದ್ದರೆ ಪೋರ್ಟು ಬಹಳ ಕಾಲ ಬಾಳುವುದಿಲ್ಲ.

ಏನನ್ನಾದರೂ ಕೊಳ್ಳುವ ಮೊದಲು ನಾನು ತೀರ್ಮಾನಿಸಿಕೊಂಡದ್ದು ಒಂದೇ ವಿಷಯ. ಮನೆಯಲ್ಲಿ ಟಿವಿಯನ್ನು ಹೆಚ್ಚು ನೋಡುವವರು ನನ್ನ ತಾಯಿ. ಅವರು ಟಿವಿಯ ‘ಸೋರ್ಸ್’ ಮೆನುವಿಗೆ ಹೋಗುವ ಪ್ರಸಂಗವೇ ಬರಬಾರದು. ಹಾಗಾಗಬೇಕಾದರೆ ಚಿತ್ರ ಕೊಡುವ ಸಾಧನಗಳೆಲ್ಲ ಒಂದೇ ಪೋರ್ಟಿನ ಮೂಲಕ ಬರಬೇಕು, ಟಿವಿ ಸದಾ ಆ ಪೋರ್ಟಿನಲ್ಲೇ ನಿಂತಿರಬೇಕು.

ಎರಡು ಪೋರ್ಟುಗಳಲ್ಲಿ ಒಂದರ ಪಕ್ಕದಲ್ಲಿ ‘ಎಆರ್‌ಸಿ’ ಎಂಬ ಅಚ್ಚು ಇರುತ್ತದೆ. ಟಿವಿಯಿಂದ ಧ್ವನಿಯು ಅದೇ ತಂತಿಯಲ್ಲಿ ಹಿಂದಕ್ಕೆ ಹರಿದು ಸೌಂಡ್‌ಬಾರ್ ಸೇರುವುದು ಆ ಪೋರ್ಟಿನಲ್ಲಿ ಮಾತ್ರ. ನಡುವೆ ಯಾವ ಡಬ್ಬಿಯೂ ಇಲ್ಲದಂತೆ ಸೌಂಡ್‌ಬಾರನ್ನು ನೇರವಾಗಿ ಅಲ್ಲಿಗೇ ಕೊಟ್ಟೆ. ಆಪ್ಟಿಕಲ್ ತಂತಿ ಬಳಸಿ ಆ ಪೋರ್ಟನ್ನೂ ಬಿಡಿಸಿಕೊಳ್ಳಬಹುದಿತ್ತು, ಆದರೆ ಆಪ್ಟಿಕಲ್ ತಂತಿ ಒಯ್ಯುವುದು ಧ್ವನಿಯನ್ನು ಮಾತ್ರ. ವಾಲ್ಯೂಮ್ ಹೆಚ್ಚು ಕಡಿಮೆ ಮಾಡುವ ಆಜ್ಞೆಗಳು ಅದರಲ್ಲಿ ಹೋಗುವುದಿಲ್ಲ. ಅಮ್ಮನ ಕೈಗೆ ಇನ್ನೊಂದು ರಿಮೋಟು ಕೊಡುವುದು ನನಗೆ ಬೇಡವಾಗಿತ್ತು.

ಉಳಿದ ಪೋರ್ಟಿಗೆ ಎಚ್‌ಡಿಎಂಐ ಸ್ವಿಚ್ ತಂದೆ. ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ಸ್ವಿಚ್ ಕೇಳಿದರೆ ಸ್ಪ್ಲಿಟರ್ ಕೈಗಿಟ್ಟರು. ನೋಡಲು ಎರಡೂ ಒಂದೇ ತರಹದ ಕಪ್ಪು ಡಬ್ಬಿಗಳು, ಕೆಲಸ ಮಾತ್ರ ತದ್ವಿರುದ್ಧ: ಸ್ಪ್ಲಿಟರ್ ಒಂದು ಸಾಧನದ ಚಿತ್ರವನ್ನು ಹಲವು ಟಿವಿಗಳಿಗೆ ಹಂಚುತ್ತದೆ, ಸ್ವಿಚ್ ಹಲವು ಸಾಧನಗಳಲ್ಲಿ ಒಂದನ್ನು ಆರಿಸಿ ಒಂದೇ ಟಿವಿಗೆ ಕಳುಹಿಸುತ್ತದೆ. ಡಬ್ಬಿಯ ಮೇಲೆ ‘ಇನ್’ ಎಷ್ಟು, ‘ಔಟ್’ ಎಷ್ಟು ಎಂದು ಎಣಿಸಿದರೆ ಸಾಕು. ನಾನು ಆರಿಸಿದ್ದು ನಾಲ್ಕು ಇನ್, ಒಂದು ಔಟ್ ಇರುವುದನ್ನು. 4ಕೆ ಚಿತ್ರ ಸೆಕೆಂಡಿಗೆ 60 ಫ್ರೇಮುಗಳಂತೆ ಬರಬೇಕಾದರೆ ಡಬ್ಬಿಗೆ 18 ಜಿಬಿಪಿಎಸ್ (ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ ಸಾಗಿಸುವ) ಸಾಮರ್ಥ್ಯ ಬೇಕು. ಜೊತೆಗೆ ‘ಎಚ್‌ಡಿಸಿಪಿ 2.2’ ಎಂಬ ನಕಲು-ತಡೆ ವ್ಯವಸ್ಥೆಗೆ ಅದು ಹೊಂದಬೇಕು, ಇಲ್ಲವಾದರೆ ಓಟಿಟಿಯ 4ಕೆ ಚಿತ್ರ ಕೆಳದರ್ಜೆಗೆ ಇಳಿಯುತ್ತದೆ ಅಥವಾ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ತಾನಾಗಿಯೇ ಬದಲಾಗುವ ಆಟೊ ಸ್ವಿಚ್ಚುಗಳೂ ಸಿಗುತ್ತವೆ, ಅಂಗಡಿಯವರು ಅವನ್ನೇ ಹೊಗಳುತ್ತಾರೆ. ನಾನು ಒಪ್ಪಲಿಲ್ಲ. ಪ್ರತಿ ಸಾಧನವೂ ಎಚ್‌ಡಿಎಂಐನ 18ನೆಯ ಪಿನ್ನಿನಲ್ಲಿ 5 ವೋಲ್ಟ್ ಕೊಡುತ್ತದೆ, ಯಾವ ಸಾಧನ ಎಚ್ಚರವಾಗಿದೆ ಎಂಬುದನ್ನು ಇಂಥ ಡಬ್ಬಿಗಳು ಸಾಮಾನ್ಯವಾಗಿ ಊಹಿಸುವುದು ಅದರಿಂದಲೇ. ರಿಮೋಟಿನಲ್ಲಿ ಆಫ್ ಮಾಡಿದ ಮೇಲೂ ನಮ್ಮ ಸೆಟ್‌ಟಾಪ್ ಬಾಕ್ಸ್ ಸ್ಟ್ಯಾಂಡ್‌ಬೈನಲ್ಲಿ ಆ 5 ವೋಲ್ಟನ್ನು ಕೊಡುತ್ತಲೇ ಇರುತ್ತದೆ, ಹಾಗಾಗಿ ಡಬ್ಬಿಗೆ ಅದು ಮಲಗಿದೆಯೋ ಎದ್ದಿದೆಯೋ ತಿಳಿಯುವಂತಿಲ್ಲ. ನನ್ನದು ಗುಂಡಿ ಒತ್ತಿದರೆ ಮಾತ್ರ ಬದಲಾಗುವ ಡಬ್ಬಿ. ಅದನ್ನು ಟಿವಿಯ ಹಿಂದೆ ಅಡಗಿಸದೆ ಸ್ಟ್ಯಾಂಡಿನ ಮುಂಭಾಗದಲ್ಲಿಯೇ ಇಟ್ಟು, ನಾಲ್ಕು ದೀಪಗಳ ಕೆಳಗೆ ‘ಚಾನೆಲ್’, ‘ಸಿನಿಮಾ’, ‘ಆಟ’, ‘ಲ್ಯಾಪ್‌ಟಾಪ್’ ಎಂದು ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿದ್ದೇನೆ. ಒತ್ತಿದ ಮೇಲೆ ಪರದೆ ಒಂದೆರಡು ಕ್ಷಣ ಕಪ್ಪಾಗುತ್ತದೆ. ಟಿವಿಯೂ ಹೊಸ ಸಾಧನವೂ ಪರಸ್ಪರ ಪರಿಚಯ ಮಾಡಿಕೊಳ್ಳಲು ಹಿಡಿಯುವ ಸಮಯವದು, ಗಾಬರಿಯಿಂದ ಮತ್ತೆ ಮತ್ತೆ ಒತ್ತಬಾರದು. ಕರೆಂಟು ಹೋಗಿ ಬಂದಾಗ ನನ್ನ ಡಬ್ಬಿ ಮೊದಲನೆಯ ಇನ್‌ಪುಟ್ಟಿಗೆ ಮರಳುತ್ತದೆಯಾದ್ದರಿಂದ ಸೆಟ್‌ಟಾಪ್ ಬಾಕ್ಸಿಗೆ ಆ ಸ್ಥಾನವನ್ನೇ ಕೊಟ್ಟಿದ್ದೇನೆ.

ವಿದ್ಯುತ್ತಿನ ವಿಚಾರದಲ್ಲಿ ಜಿಪುಣತನ ಬೇಡ. ಟಿವಿಯ ಯುಎಸ್‌ಬಿ 2.0 ಪೋರ್ಟಿನಿಂದ ನಿಯಮದ ಪ್ರಕಾರ ಸಿಗುವುದು 500 ಮಿಲಿಆಂಪ್ ಮಾತ್ರ, ಹಲವು ಸ್ಟಿಕ್ಕುಗಳು ಕೇಳುವುದು 1 ಆಂಪ್. ಸ್ಟಿಕ್ಕಿಗೂ ಸ್ವಿಚ್ಚಿಗೂ ಬೇರೆ ಬೇರೆ 5 ವೋಲ್ಟ್ ಅಡಾಪ್ಟರ್ ಹಾಕಿದೆ.

ಸೌಂಡ್‌ಬಾರ್ ಟಿವಿಯ ರಿಮೋಟಿನ ಮಾತು ಕೇಳುವುದು, ಒಂದು ಸಾಧನ ಇನ್ನೊಂದಕ್ಕೆ ಎಚ್‌ಡಿಎಂಐ ತಂತಿಯಲ್ಲೇ ಆಜ್ಞೆ ಕೊಡುವ ಸಿಇಸಿ ಎಂಬ ಸೌಲಭ್ಯದಿಂದ; ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ. ಟಿವಿಯಲ್ಲಿ ಇದನ್ನು ಚಾಲೂ ಇಟ್ಟು, ಸ್ಟಿಕ್ಕಿನಲ್ಲಿಯೂ ಕನ್ಸೋಲಿನಲ್ಲಿಯೂ ಆಫ್ ಮಾಡಿದೆ. ಇಲ್ಲದಿದ್ದರೆ ಮಗ ಕನ್ಸೋಲ್ ಮುಟ್ಟಿದೊಡನೆ, ಆಫ್ ಮಾಡಿಟ್ಟ ಟಿವಿಯೂ ಎದ್ದು ಕೂರುತ್ತಿತ್ತು.

ಡಿವಿಡಿ ಪ್ಲೇಯರಿನದು ಬೇರೆಯೇ ಕತೆ. ಅದರ ಹಳದಿ, ಬಿಳಿ, ಕೆಂಪು ತಂತಿಗಳಿಗೆ ಈಗಿನ ಟಿವಿಯಲ್ಲಿ ಮೂರು ತೂತುಗಳಿಲ್ಲ, ಒಂದು 3.5 ಮಿಲಿಮೀಟರಿನ ಎವಿ ಜಾಕ್ ಇದೆ. ಅದಕ್ಕೆ ಹಾಕುವ ಪ್ಲಗ್ಗಿನಲ್ಲಿ ಮೂರು ಕಪ್ಪು ಪಟ್ಟಿಗಳು, ಅವುಗಳ ನಡುವೆ ನಾಲ್ಕು ಲೋಹದ ಭಾಗಗಳಿರುತ್ತವೆ; ಯಾವ ಭಾಗದಲ್ಲಿ ಚಿತ್ರ, ಯಾವುದರಲ್ಲಿ ಗ್ರೌಂಡ್ (ವಿದ್ಯುತ್ತು ಮರಳುವ ದಾರಿ) ಎಂಬ ಕ್ರಮ ಎಲ್ಲ ತಂತಿಗಳಲ್ಲೂ ಒಂದೇ ಅಲ್ಲ. ಚಿತ್ರ ಬಾರದೆ ಗುಂಯ್ ಎಂಬ ಸದ್ದು ಮಾತ್ರ ಬಂದರೆ, ಹಳದಿ ಪ್ಲಗ್ಗನ್ನು ಕೆಂಪು ಸಾಕೆಟ್ಟಿಗೆ ಬದಲಿಸಿ ನೋಡಬಹುದು. ಗ್ರೌಂಡೇ ಬೇರೆ ಜಾಗದಲ್ಲಿದ್ದರೆ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ, ಟಿವಿಗೆ ಹೊಂದುವ ತಂತಿಯನ್ನೇ ತರಬೇಕು. ಅಪರೂಪಕ್ಕೆ ಬಳಸುವ ಪ್ಲೇಯರಿಗಾಗಿ ಎವಿಯನ್ನು ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಕೊಳ್ಳುವುದು ದಂಡ ಎನಿಸಿತು. ಮದುವೆಯ ಡಿಸ್ಕ್ ಹಾಕುವಾಗ ಸೋರ್ಸ್ ಬದಲಿಸುವವನು ಹೇಗಿದ್ದರೂ ನಾನೇ.

ನವರಾತ್ರಿಗೆ ಹಾಲಿನಲ್ಲಿ ಗೊಂಬೆ ಕೂರಿಸಲು ಟಿವಿ ಸ್ಟ್ಯಾಂಡ್ ಪಕ್ಕದ ಗೋಡೆಗೆ ಸರಿಯುತ್ತದೆ, ಚಂದನದಲ್ಲಿ ಜಂಬೂಸವಾರಿ ಶುರುವಾಗುವ ಹೊತ್ತಿಗೆ ನೆಂಟರೆಲ್ಲ ಅದರ ಮುಂದೆ ಕೂತಿರುತ್ತಾರೆ. ಹೀಗೆ ವರ್ಷಕ್ಕೊಮ್ಮೆಯಾದರೂ ಎಲ್ಲ ತಂತಿಗಳನ್ನು ಬಿಚ್ಚಿ ಜೋಡಿಸುವುದು ತಪ್ಪುವುದಿಲ್ಲವಾದ್ದರಿಂದ ಪ್ರತಿ ತಂತಿಯ ಎರಡೂ ತುದಿಗೆ ಹೆಸರಿನ ಪಟ್ಟಿ ಸುತ್ತಿದ್ದೇನೆ. ಜೋಡಿಸುವಾಗ ಎಲ್ಲವೂ ಆಫ್ ಆಗಿರಬೇಕು, ಎಚ್‌ಡಿಎಂಐ ತಂತಿಗಳು ಕೂತ ಮೇಲೆಯೇ ಕರೆಂಟು ಕೊಡಬೇಕು. ಎರಡು ಪಿನ್ನಿನ ಅಡಾಪ್ಟರುಗಳಲ್ಲಿ ಅರ್ಥಿಂಗ್ ಇರುವುದಿಲ್ಲ, ಅವುಗಳಿಂದ ಸೋರುವ ಅಲ್ಪ ವಿದ್ಯುತ್ತು ಪ್ಲಗ್ ಚುಚ್ಚುವ ಕ್ಷಣದಲ್ಲಿ ಪೋರ್ಟನ್ನು ಸುಟ್ಟೀತು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ನಾನು ಮೊದಲು ಕಳಚುವುದು ತಾರಸಿಯ ಡಿಶ್ಶಿನಿಂದ ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ಲನ್ನು. ಎಲ್ಲವೂ ಒಂದೇ ಡಬ್ಬಿಗೆ ಸೇರಿರುವಾಗ ಅದರಲ್ಲಿ ಇಳಿದು ಬರುವ ಸಿಡಿಲಿನ ಹೊಡೆತ ಕನ್ಸೋಲನ್ನೂ ಟಿವಿಯನ್ನೂ ತಲುಪಬಲ್ಲದು.