ಗ್ರೈಂಡರ್ ಹಚ್ಚೋ ಮೊದಲು ನಂಬರ್ ಹುಡುಕಿ

ಊರಿಂದ ಹಳೇ ಟ್ರೈಲರ್ ತಂದು ಪುಣೆಯಲ್ಲಿ ದುಡಿಸೋ ನಮ್ಮವರು ಬಹಳ ಜನ ಇದ್ದಾರೆ. ಭೋಸರಿ, ಮೋಶಿ, ಚಾಕಣ ಸುತ್ತ ಮಿಕ್ಸರ್, ಸೆಂಟ್ರಿಂಗ್ ಶೀಟು, ನೀರಿನ ಟ್ಯಾಂಕು ಹೇರೋದು ಅದರಲ್ಲೇ. ನಾಲ್ಕೈದು ಮಳೆಗಾಲ ಕಳೆದ ಮೇಲೆ ಎಲ್ಲರೂ ಕೇಳೋದು ಒಂದೇ: ರಿಪೇರಿ ಮಾಡಿಸಲಾ, ಭಂಗಾರಕ್ಕೆ (ಅಂದರೆ ಗುಜರಿಗೆ) ಹಾಕಿ ಹೊಸದು ತರಲಾ?

ಕಬ್ಬಿಣದ ಲೆಕ್ಕ ಸುಲಭ. ತಳದ ಶೀಟು ತೂತು ಬಿದ್ದಿದೆ, ಹಿಂದಿನ ಬಾಗಿಲು (ಇಲ್ಲಿಯವರು ಫಾಳಕಾ ಅಂತಾರೆ) ಕಿತ್ತಿದೆ, ಬೇರಿಂಗ್ ಸದ್ದು ಮಾಡ್ತಿದೆ ಅಂದರೆ ಕಣ್ಣು ಮುಚ್ಚಿ ರಿಪೇರಿ ಮಾಡಿಸಿ. ಟೈರು ಒಂದೇ ಮಗ್ಗುಲಿಗೆ ಸವೆದಿದ್ದರೆ ಆಕ್ಸಲ್ ಬಾಗಿರಬಹುದು, ತೋರಿಸಿ. ಆಮೇಲೆ ಸುತ್ತಿಗೆ ತಗೊಂಡು ಕೆಳಗೆ ಮಲಗಿ, ಭಾರ ಹೊರೋ ಉದ್ದದ ಎರಡೂ ಕಬ್ಬಿಣದ ಪಟ್ಟಿ, ಅಂದರೆ ಚಾನೆಲ್, ಬಡಿಯಿರಿ. ಟಣ್ ಅಂದರೆ ಜೀವ ಇದೆ. ಡಬ್ ಅಂದು ತುಕ್ಕಿನ ಹಕ್ಕಳೆ ಮುಖದ ಮೇಲೆ ಉದುರಿದರೆ ಹೊಸದಕ್ಕೆ ದುಡ್ಡು ಕೂಡಿಸಿ.

ನಾನು ಸಿಕ್ಕಿಬಿದ್ದಿದ್ದು ಕಬ್ಬಿಣದಲ್ಲಿ ಅಲ್ಲವೇ ಅಲ್ಲ, ಕಾಗದದಲ್ಲಿ. ಕಾನೂನಿನ ಕಣ್ಣಿಗೆ ಟ್ರೈಲರ್ ಕೂಡ ಒಂದು ಮೋಟಾರು ವಾಹನವೇ. 1988ರ ಕಾಯ್ದೆಯಲ್ಲೇ ಹಾಗೆ ಬರೆದಿದೆ. ಅದಕ್ಕೆ ಬೇರೆ ಆರ್‌ಸಿ, ಬೇರೆ ನಂಬರ್. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿಯ ನಂಬರ್ ತಗೋಬೇಕು. ನಮ್ಮ ವಿಜಯಪುರದ ಕೆಎ 28 ಹೋಗಿ ಇಲ್ಲಿಯ ಎಂಎಚ್ 14 ಆಗಬೇಕು. ಅದಕ್ಕೆ ಊರಿನ ಆರ್‌ಟಿಒದಿಂದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ) ಬೇಕು. ಎನ್‌ಒಸಿಗೆ ಫಾರ್ಮ್ 28. ಆ ಫಾರ್ಮಿಗೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್.

ಚಾಸಿಸ್ ಮೇಲೆ ಕೊರೆದ ನಂಬರನ್ನ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಬೇಕು. ಒಂದೊಂದೇ ಅಂಕಿ ಬೆಳ್ಳಗೆ ಏಳ್ತದೆ. ನನ್ನದು ಏಳಲಿಲ್ಲ. ಯಾಕಂದರೆ ಕೊರೆದ ಜಾಗವೇ ಇರಲಿಲ್ಲ. ಅದಕ್ಕೂ ಮೂರು ತಿಂಗಳ ಮೊದಲು ವೆಲ್ಡಿಂಗ್‌ನವನು "ಮುಂದಿನ ಚಾನೆಲ್ ಹೋಗಿದೆ ಶೇಟ್, ಬದಲಿಸೋಣ" ಅಂದಿದ್ದ. ನಾನು ಚಹಾ ಕುಡೀತಾ ತಲೆ ಆಡಿಸಿದ್ದೆ. ಒಂದು ಗೇಣು ಕಬ್ಬಿಣ ನಂಬರಿನ ಸಮೇತ ಭಂಗಾರದವನ ತಕ್ಕಡಿಗೆ ಹೋಗಿತ್ತು. ಹುಡುಕಿಕೊಂಡು ಹೋದರೆ, ಆ ಲಾಟು ಆವತ್ತೇ ಕರಗಿಸೋಕೆ ಹೋಯ್ತು ಅಂದ.

ಆಮೇಲೆ ವಿಜಯಪುರಕ್ಕೆ ನಾಲ್ಕು ಸಲ ಓಡಾಡಿದೆ. ಏಳು ತಿಂಗಳು ಗಾಡಿ ನಿಂತಿತ್ತು, ಬಾಡಿಗೆ ಟ್ರೈಲರಿಗೆ ದುಡ್ಡು ಸುರಿದೆ. ನಡುವೆ ಒಬ್ಬ ಏಜೆಂಟ್ "ನಾವೇ ಹೊಸ ಚಾನೆಲ್ ಮೇಲೆ ನಂಬರ್ ಪಂಚ್ ಹೊಡೆದು ಕೊಡ್ತೀವಿ" ಅಂದ. ಅದಕ್ಕೆ ಮಾತ್ರ ಒಪ್ಪಬೇಡಿ. ಆರ್‌ಟಿಒ ಲಿಖಿತ ಅನುಮತಿ ಇಲ್ಲದೆ ಹೊಡೆದ ನಂಬರ್ ಕಳ್ಳ ಮಾಲಿನ ಗುರುತು. ನಾಳೆ ಪೊಲೀಸರು ಕೇಳೋದು ಏಜೆಂಟನ್ನಲ್ಲ, ನಿಮ್ಮನ್ನ.

ಹಾಗಾಗಿ ಮೊದಲು ಚಾಸಿಸ್ ನಂಬರ್ ಎಲ್ಲಿದೆ ಹುಡುಕಿ, ಫೋಟೋ ತೆಗೀರಿ, ಎರಡು ಪೆನ್ಸಿಲ್ ಪ್ರಿಂಟ್ ಮನೆಯಲ್ಲಿಡಿ. ಎನ್‌ಒಸಿ ಬಂದು ಇಲ್ಲಿಯ ನಂಬರ್ ಸಿಗೋ ತನಕ ಆ ಜಾಗಕ್ಕೆ ಗ್ರೈಂಡರ್ ಹಚ್ಚಬೇಡಿ. ಆ ಚಾನೆಲ್ಲೇ ಕೊಳೆತಿದೆ ಅಂದರೆ, ಕತ್ತರಿಸೋ ಮೊದಲು ಆರ್‌ಟಿಒದಲ್ಲಿ ಅರ್ಜಿ ಹಾಕಿ. ಹೊಸದೇ ತಗೋತೀರಾ? ಆಗಲೂ ಹಳೇದರ ಆರ್‌ಸಿ ರದ್ದು ಮಾಡಿಸಲೇಬೇಕು. ಗಾಡಿ ಮುರಿದ 14 ದಿನದೊಳಗೆ ತಿಳಿಸಬೇಕು ಅಂತ ನಿಯಮ ಇದೆ. ಚಾಸಿಸ್ ನಂಬರಿನ ತುಂಡನ್ನ ಕತ್ತರಿಸಿ ನೀವೇ ಇಟ್ಕೊಳ್ಳಿ, ಉಳಿದದ್ದನ್ನ ಮಾತ್ರ ತೂಕಕ್ಕೆ ಹಾಕಿ.

ಇನ್ನೊಂದು ಮಾತು. ಊರಲ್ಲಿ ಒಕ್ಕಲುತನಕ್ಕೆ ಅಂತ ಬರೆಸಿದ ಟ್ರೈಲರಲ್ಲಿ ಇಲ್ಲಿ ಜಲ್ಲಿ ಬಾಡಿಗೆ ಹೊಡೀತಾ ಇದ್ದರೆ, ಅಪಘಾತ ಆದ ದಿನ ವಿಮೆಯವರು ಕೈ ಎತ್ತಬಹುದು. ಪಾಲಿಸಿಯಲ್ಲಿ ಟ್ರೈಲರ್ ಬೇರೆಯಾಗಿ ಇದೆಯಾ ನೋಡಿ. ಬಾಡಿಗೆ ಗಾಡಿ ಅಂತ ಬರೆಸಿದರೆ 8 ವರ್ಷ ದಾಟಿದ ಮೇಲೆ ವರ್ಷಾ ವರ್ಷ ಪಾಸಿಂಗ್, ಅಂದರೆ ಫಿಟ್‌ನೆಸ್ ತಪಾಸಣೆ. ರಿಪೇರಿ ಲೆಕ್ಕಕ್ಕೆ ಅದನ್ನೂ ಸೇರಿಸಿ.

ರಿಪೇರಿಗೆ ಯಾವ ಊರು ಒಳ್ಳೇದು ಅಂತ ಕೇಳಿದರೆ, ಕೆಲಸಕ್ಕೆ ನಮ್ಮೂರೇ. ಅಲ್ಲಿಯ ವೆಲ್ಡರ್ ಹುಟ್ಟಿದಾಗಿಂದ ಟ್ರೈಲರ್ ಕಟ್ಟಿದವನು. ಆದರೆ "ನಾಳೆ ಬಾ" ಅಂತಾನೆ. ಇಲ್ಲಿಯವನು ಅಳತೆ ಹಿಡಿದು, ರೇಟು ಕಾಗದದ ಮೇಲೆ ಬರೆದು, ಹೇಳಿದ ದಿನಕ್ಕೆ ಕೊಡ್ತಾನೆ. ನಂಬರ್ ಎಲ್ಲಿದೆ ಅಂತ ಮಾತ್ರ ಇಬ್ಬರೂ ಕೇಳಲ್ಲ.

ಮೊನ್ನೆ ಇಂಡಿ ಕಡೆ ಹುಡುಗನೊಬ್ಬ ವರ್ಕ್‌ಶಾಪಿಂದಲೇ ಫೋನ್ ಮಾಡಿದ್ದ, ಬಣ್ಣ ಯಾವುದು ಹೊಡಿಸಲಿ ಅಣ್ಣಾ ಅಂತ. ಹಿಂದೆ ಗ್ರೈಂಡರ್ ಸದ್ದು ಕೇಳ್ತಿತ್ತು. "ಮೊದಲು ಅದನ್ನ ಬಂದ್ ಮಾಡಿಸೋ ತಮ್ಮಾ" ಅಂದೆ. ಅವನ ನಂಬರ್ ಕಿಡಿ ಹಾರ್ತಿದ್ದ ಜಾಗದಿಂದ ನಾಲ್ಕು ಬೆರಳು ಆಚೆ ಇತ್ತಂತೆ.