ಹಳೆಯ ಸ್ಪಾರ್ಕ್‌ಸ್ಟೇಷನ್ 5 ಜೋಡಿಸುವುದು ಹೇಗೆ?

ಸನ್ ಮೈಕ್ರೋಸಿಸ್ಟಮ್ಸ್ 1994ರಲ್ಲಿ ಹೊರತಂದ ಸ್ಪಾರ್ಕ್‌ಸ್ಟೇಷನ್ 5 ಇಂದಿಗೂ ಹಳೆಯ ಕಂಪ್ಯೂಟರ್ ಸಂಗ್ರಹಿಸುವವರ ನಡುವೆ ಕೈ ಬದಲಾಗುತ್ತಿರುತ್ತದೆ. ಕೊಂಡವರಲ್ಲಿ ಅನೇಕರು ಸ್ವಿಚ್ ಒತ್ತಿದ ಕೂಡಲೇ ಯಂತ್ರವು ಡಿಸ್ಕನ್ನು ಬಿಟ್ಟು ನೆಟ್‌ವರ್ಕ್‌ನಿಂದ ಬೂಟ್ ಆಗಲು ಹೊರಡುವುದನ್ನು ಕಂಡು, ಡಿಸ್ಕ್ ಕೆಟ್ಟಿದೆಯೆಂದು ತೀರ್ಮಾನಿಸಿ ಹೊಸದನ್ನು ಹುಡುಕತೊಡಗುತ್ತಾರೆ. ಹಣ ಖರ್ಚು ಮಾಡುವ ಮೊದಲು ಮದರ್‌ಬೋರ್ಡಿನ ಒಂದು ಚಿಪ್ಪನ್ನು ಪರೀಕ್ಷಿಸಿ.

ಹಂತ 1: ಹಿಂಬದಿಯ ಪಟ್ಟಿಯಲ್ಲಿ ವೋಲ್ಟೇಜ್ ಓದಿಕೊಳ್ಳಿ, ಧೂಳು ತೆಗೆಯಿರಿ, ಮೆಮೊರಿ ಕಾರ್ಡುಗಳನ್ನು ಒತ್ತಿ ಕೂರಿಸಿ.

ಹಂತ 2: ಮೊದಲ ಸಲ ಮಾನಿಟರ್, ಕೀಬೋರ್ಡ್ ಎರಡನ್ನೂ ಜೋಡಿಸಬೇಡಿ. ಕೀಬೋರ್ಡ್ ಇಲ್ಲದಿದ್ದರೆ ಯಂತ್ರವು ತಾನಾಗಿಯೇ 'ಎ' ಸೀರಿಯಲ್ ಪೋರ್ಟಿನಲ್ಲಿ ಮಾತನಾಡುತ್ತದೆ. ಆ 25 ಪಿನ್ನಿನ ಪೋರ್ಟಿಗೆ ನಲ್-ಮೋಡೆಮ್ ಕೇಬಲ್ ಹಾಕಿ, ಲ್ಯಾಪ್‌ಟಾಪಿನ ಟರ್ಮಿನಲ್ ತಂತ್ರಾಂಶದಲ್ಲಿ 9600 ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಎಂದು ಹೊಂದಿಸಿ. ನೇರ ಕೇಬಲ್ ನಡೆಯುವುದಿಲ್ಲ. ಒಂದು ತುದಿಯ ಕಳುಹಿಸುವ ತಂತಿ ಇನ್ನೊಂದು ತುದಿಯ ಸ್ವೀಕರಿಸುವ ಪಿನ್ನಿಗೆ ಸೇರಲೇಬೇಕು. ನಕಲಿ ಚಿಪ್ಪಿನ ಅಗ್ಗದ ಯುಎಸ್‌ಬಿ ಪರಿವರ್ತಕಗಳು ಅಕ್ಷರ ನುಂಗುತ್ತವೆ, ಅವನ್ನು ದೂರವಿಡಿ.

ಹಂತ 3: ಕೆಲಸ ಕೆಡುವುದು ಇಲ್ಲಿಯೇ. ಯಂತ್ರದ ಈಥರ್ನೆಟ್ ವಿಳಾಸ, ಹೋಸ್ಟ್ ಐಡಿ (ಯಂತ್ರದ ಗುರುತು ಸಂಖ್ಯೆ), ಬೂಟ್ ಆಯ್ಕೆಗಳೆಲ್ಲ ಎಂ48ಟಿ08 ಎಂಬ 28 ಕಾಲಿನ ಚಿಪ್ಪಿನಲ್ಲಿರುತ್ತವೆ. ಅದರ ಬ್ಯಾಟರಿಯನ್ನು ಚಿಪ್ಪಿನ ತಲೆಯೊಳಗೇ ಸೇರಿಸಿ ಮುಚ್ಚಿರುವುದರಿಂದ ಹೊರಗಿನಿಂದ ಬದಲಿಸಲು ಬರುವುದಿಲ್ಲ. ಇಷ್ಟು ವರ್ಷಗಳ ನಂತರ ಆ ಬ್ಯಾಟರಿ ಉಳಿದಿರುವುದಿಲ್ಲ, ಬೂಟ್ ಆಯ್ಕೆಗಳು ಅಳಿಸಿಹೋಗಿ ಯಂತ್ರವು ನೆಟ್‌ವರ್ಕ್‌ನತ್ತ ಹೊರಡುತ್ತದೆ. ಐಡಿಪ್ರಾಮ್ (ಚಿಪ್ಪಿನಲ್ಲಿ ಈ ಗುರುತಿನ ಮಾಹಿತಿಯಿರುವ ಭಾಗ) ಅಮಾನ್ಯವೆಂಬ ಸಂದೇಶ ಬಂದರೆ, ಈಥರ್ನೆಟ್ ವಿಳಾಸದಲ್ಲಿ ಬರೀ 'ಎಫ್' ಸಾಲುಗಟ್ಟಿದ್ದರೆ, ಇದೇ ಕಾರಣ.

ಚಿಪ್ಪಿನ ತಲೆಯನ್ನು ಅರದಿಂದ ಉಜ್ಜಿ ಹೊರಗೆ ಸಿಆರ್2032 ಬ್ಯಾಟರಿ ಬೆಸೆಯುವವರಿದ್ದಾರೆ. ಬೆಸುಗೆಯಲ್ಲಿ ಕೈ ಪಳಗಿಲ್ಲದಿದ್ದರೆ ಹೊಸ ಚಿಪ್ಪನ್ನೇ ಕೊಳ್ಳಿ, ಆದರೆ ಹಳೆಯ ಸರಕಿನ ಮೇಲ್ಮೈ ಉಜ್ಜಿ 'ಹೊಸದು' ಎಂದು ಮಾರುವವರು ಆನ್‌ಲೈನಿನಲ್ಲಿ ಧಾರಾಳವಾಗಿದ್ದಾರೆ, ಆದ್ದರಿಂದ ಅಧಿಕೃತ ವಿತರಕರನ್ನೇ ಆಶ್ರಯಿಸಿ. ಕೀಳುವಾಗ ಎರಡೂ ತುದಿಗಳನ್ನು ಸ್ವಲ್ಪಸ್ವಲ್ಪವೇ ಎತ್ತಿ. ಒಂದೇ ಕಡೆ ಮೀಟಿದರೆ ಕಾಲುಗಳು ಬಾಗುತ್ತವೆ. ಕೂರಿಸುವಾಗ ಒಂದನೇ ಕಾಲಿನ ಗುರುತು ತಪ್ಪಬಾರದು.

ಹೊಸ ಚಿಪ್ಪು ಖಾಲಿಯಿರುತ್ತದೆ. 'ಓಕೆ' (ok) ಪ್ರಾಂಪ್ಟಿನಲ್ಲಿ, ಅಂದರೆ ಬೂಟ್ ಆಗುವ ಮುನ್ನ ಯಂತ್ರವು ಆದೇಶಕ್ಕೆ ಕಾಯುವ ಸಾಲಿನಲ್ಲಿ, ಮೊದಲು 'ಸೆಟ್-ಡಿಫಾಲ್ಟ್ಸ್' (set-defaults) ಕೊಡಿ. ಆಮೇಲೆ 'ಎಂಕೆಪಿ' (mkp) ಆದೇಶದಿಂದ 16 ಬೈಟ್‌ಗಳನ್ನು, ಮೊದಲು ಮೌಲ್ಯ ನಂತರ ಸ್ಥಾನ ಎಂಬ ಕ್ರಮದಲ್ಲಿ, ಹೆಕ್ಸಾಡೆಸಿಮಲ್ ಸಂಖ್ಯೆಗಳಾಗಿ ಬರೆಯಿರಿ. ಮೊದಲನೆಯದು 01, ಎರಡನೆಯದು ಈ ಮಾದರಿಯ ಸಂಕೇತವಾದ 80, ಮುಂದಿನ ಆರು ಈಥರ್ನೆಟ್ ವಿಳಾಸ (ಸನ್ ಯಂತ್ರಗಳಲ್ಲಿ ಅದು 08, 00, 20 ಎಂದು ಆರಂಭವಾಗುತ್ತದೆ), ನಂತರದ ನಾಲ್ಕು ತಯಾರಿಕಾ ದಿನಾಂಕದವು, ಸೊನ್ನೆಯಾದರೂ ಸಾಕು, ಆಮೇಲಿನ ಮೂರು ಹೋಸ್ಟ್ ಐಡಿಯವು. ಕಟ್ಟಕಡೆಯ ಬೈಟ್ ಚೆಕ್‌ಸಮ್: ಹಿಂದಿನ 15 ಬೈಟ್‌ಗಳನ್ನು ಒಂದರೊಡನೊಂದು ಎಕ್ಸ್‌ಆರ್ ಮಾಡಿದ (XOR: ಎರಡು ಬಿಟ್‌ಗಳು ಬೇರೆಯಾದರೆ 1, ಒಂದೇ ಆದರೆ 0) ಫಲ. ಇದೊಂದು ತಪ್ಪಿದರೂ ಉಳಿದೆಲ್ಲ ಸರಿಯಿದ್ದು ಪ್ರಯೋಜನವಿಲ್ಲ, ಹಾಗಾಗಿ ಕಾಗದದ ಮೇಲೆ ಲೆಕ್ಕ ಹಾಕಿಕೊಂಡೇ ಟೈಪ್ ಮಾಡಿ. ಹೊಸ ಚಿಪ್ಪು ಬರುವ ತನಕ ಹಳೆಯದರಲ್ಲಿಯೇ ಹೀಗೆ ಬರೆದು ಬೂಟ್ ಮಾಡಬಹುದು. ವಿದ್ಯುತ್ ಹೋದೊಡನೆ ಎಲ್ಲವೂ ಅಳಿಸಿಹೋಗುತ್ತದೆ ಅಷ್ಟೆ.

ಹಂತ 4: 'ಪ್ರೋಬ್-ಸ್ಕಸಿ' (probe-scsi) ಆದೇಶಕ್ಕೆ ಡಿಸ್ಕ್ 3ನೇ ಐಡಿಯಲ್ಲಿ ಕಾಣಿಸಿದರೆ ಬೂಟ್ ಮಾಡಿ. ಕಾಣದಿದ್ದರೆ ಮಾತ್ರ ಡಿಸ್ಕನ್ನು ದೂರಿ. ಸಿಡಿಯಿಂದ ನೆಟ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕುವುದಾದರೆ 512 ಬೈಟ್ ಬ್ಲಾಕ್ ಓದಬಲ್ಲ ಡ್ರೈವ್ ಬೇಕು. ಈಥರ್ನೆಟ್ ಪೋರ್ಟಿನ ವೇಗ 10 ಎಂಬಿಪಿಎಸ್ ಮಾತ್ರವಾದ್ದರಿಂದ, ಆ ವೇಗವನ್ನು ಕೈಬಿಟ್ಟಿರುವ ಹೊಸ ಸ್ವಿಚ್‌ಗಳಿಗೆ ಸಿಕ್ಕಿಸಬೇಡಿ.

ಹಂತ 5: ಈಗ ಮಾನಿಟರ್. 13ಡಬ್ಲ್ಯೂ3 ಪೋರ್ಟಿಗೆ ವಿಜಿಎ ಅಡಾಪ್ಟರ್ ಕೊಳ್ಳುವಾಗ ಅದು ಸನ್‌ಗೇ ಮಾಡಿದ್ದೆಂದು ಖಚಿತಪಡಿಸಿಕೊಳ್ಳಿ. ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳ ಅಡಾಪ್ಟರ್ ನೋಡಲು ಹಾಗೆಯೇ ಇದ್ದರೂ ಅದರ ಒಳಸಂಪರ್ಕಗಳು ಬೇರೆ. ಕಾಂಪೊಸಿಟ್ ಸಿಂಕ್ (ಅಡ್ಡ, ಲಂಬ ಸಿಂಕ್ ಎರಡೂ ಒಂದೇ ಸಂಕೇತದಲ್ಲಿ ಬರುವುದು) ಒಪ್ಪದ ಎಲ್‌ಸಿಡಿಯಲ್ಲಿ ಚಿತ್ರ ಮೂಡುವುದೇ ಇಲ್ಲ. ಮೌಸನ್ನು ಕೀಬೋರ್ಡಿಗೆ ಸಿಕ್ಕಿಸಿ, ಕೀಬೋರ್ಡನ್ನು ಯಂತ್ರ ಆರಿದ್ದಾಗಲೇ ಜೋಡಿಸಿ. ಓಡುತ್ತಿರುವಾಗ ಅದನ್ನು ಕಿತ್ತರೆ ಯಂತ್ರವು ನಡುವೆಯೇ 'ಓಕೆ' ಪ್ರಾಂಪ್ಟಿಗೆ ಇಳಿದು ನಿಲ್ಲುತ್ತದೆ.