ವಿದೇಶಕ್ಕೆ ಪಾರ್ಸಲ್: ಬೆಲೆಯ ಕಾಲಂನಲ್ಲಿ ಏನು ಬರೆಯಬೇಕು?

ಲಂಡನ್ನಿನಲ್ಲಿರುವ ಮಗಳಿಗೆ 18,000 ರೂಪಾಯಿಯ ಮೈಸೂರು ಸಿಲ್ಕ್ ಸೀರೆ ಕಳಿಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಅಂಚೆ ಕೌಂಟರಿನಲ್ಲಿ ಕಸ್ಟಮ್ಸ್ ಫಾರಂ ತುಂಬಬೇಕು. ಪಕ್ಕದಲ್ಲಿ ನಿಂತವರು "ಐನೂರು ಅಂತ ಬರೀರಿ, ಅಲ್ಲಿ ತೆರಿಗೆ ಉಳಿಯುತ್ತೆ" ಎನ್ನುತ್ತಾರೆ. ಕೇಳಬೇಡಿ.

ಪೆಟ್ಟಿಗೆಗೆ ಮನೆಯಲ್ಲೇ ಪೂರ್ತಿ ಟೇಪ್ ಸುತ್ತಬೇಡಿ. ಒಳಗೇನಿದೆ ತೋರಿಸಿ ಎಂದು ಕೌಂಟರಿನಲ್ಲಿ ಕೇಳಬಹುದು. ಗುರುತಿನ ಚೀಟಿಯ ಪ್ರತಿ, ಸೀರೆಯ ಬಿಲ್ಲು ಜೊತೆಗಿರಲಿ. ನಗನಾಣ್ಯವನ್ನು ಸಾಮಾನ್ಯ ಪಾರ್ಸಲಿನಲ್ಲಿ ಹಾಕಲೇಬೇಡಿ.

ಸಣ್ಣ ಪೊಟ್ಟಣಕ್ಕೆ ಸಿಎನ್ 22 ಚೀಟಿ, ಪಾರ್ಸಲಿಗೆ ಸಿಎನ್ 23 ಫಾರಂ. ಎರಡರಲ್ಲೂ ಕೇಳುವುದು ಹೆಚ್ಚುಕಡಿಮೆ ಒಂದೇ: ವಸ್ತು ಏನು, ಎಷ್ಟು, ತೂಕ, ಬೆಲೆ. ಸುಮ್ನೆ "ಬಟ್ಟೆ" ಎಂದು ಬರೆದರೆ ಸಾಲದು. "ರೇಷ್ಮೆ ಸೀರೆ, ಹೆಂಗಸರ ಉಡುಪು, 1" ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಿರಿ. ಚಟ್ನಿಪುಡಿ ಇದ್ದರೆ ಅದಕ್ಕೆ ಬೇರೆ ಸಾಲು, ಬೇರೆ ಬೆಲೆ. ಎಚ್ಎಸ್ ಕೋಡ್, ಅಂದರೆ ವಸ್ತು ಯಾವ ಬಗೆಯದು ಎಂದು ಕಸ್ಟಮ್ಸಿನವರು ಗುರುತಿಸುವ ಸಂಖ್ಯೆ, ಕೇಳಿದರೆ ಅದರ ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ.

ಆಮೇಲೆ "ಗಿಫ್ಟ್" ಎಂಬ ಚೌಕ. ಅದಕ್ಕೆ ಟಿಕ್ ಹಾಕಿದರೆ ತೆರಿಗೆಯೇ ಇಲ್ಲ ಎಂದುಕೊಳ್ಳುವವರು ಜಾಸ್ತಿ. ಬ್ರಿಟನ್ನಿನಲ್ಲಿ ಗಿಫ್ಟಿಗೆ ಪೂರ್ತಿ ವಿನಾಯಿತಿ ಇರುವುದು 39 ಪೌಂಡ್‌ವರೆಗೆ ಮಾತ್ರ. ಪೌಂಡಿಗೆ 120 ರೂಪಾಯಿ ಹಿಡಿದರೆ ನಮ್ಮ ಸೀರೆ 150 ಪೌಂಡ್ ಆಯಿತು. 135 ಪೌಂಡ್ ದಾಟಿದ ಗಿಫ್ಟಿಗೆ ಸಾಮಾನ್ಯವಾಗಿ ಶೇ 2.5 ಸುಂಕ. ಅದನ್ನು ಸೇರಿಸಿ, ಮೊತ್ತದ ಮೇಲೆ ಶೇ 20 ವ್ಯಾಟ್. ವ್ಯಾಟ್ ಲೆಕ್ಕಕ್ಕೆ ಸಾಗಣೆ ಮತ್ತು ವಿಮೆಯ ಖರ್ಚೂ ಸೇರುತ್ತದೆ. ಅದನ್ನು ಬಿಟ್ಟೇ ಲೆಕ್ಕ ಹಾಕಿದರೂ ವ್ಯಾಟ್ 30 ಪೌಂಡ್ ಮೀರುತ್ತದೆ. ಕಟ್ಟಬೇಕಾದವಳು ಮಗಳು. ಮೊದಲೇ ಫೋನಿನಲ್ಲಿ ಹೇಳಿಬಿಡಿ.

ನ್ಯಾಯವಾಗಿ ಉಳಿಸುವ ದಾರಿಯೂ ಒಂದಿದೆ. ಮಗಳಿಗೊಂದು, ಅಳಿಯನಿಗೊಂದು ಸಣ್ಣ ಗಿಫ್ಟ್ ಒಂದೇ ಪೆಟ್ಟಿಗೆಯಲ್ಲಿದ್ದರೆ, ಬೇರೆ ಬೇರೆ ಸುತ್ತಿ, ಹೆಸರು ಹಾಕಿ, ಫಾರಂನಲ್ಲೂ ಬೇರೆಯಾಗಿ ತೋರಿಸಿ. 39 ಪೌಂಡಿನ ವಿನಾಯಿತಿ ಇಬ್ಬರಿಗೂ ಸಿಗುತ್ತದೆ. ಸೀರೆಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅದನ್ನು ಎರಡು ಮಾಡಲಾಗದು, ಅಲ್ವಾ?

ಈಗ ವಿಮೆ. ಎಲ್ಲ ದೇಶಕ್ಕೂ, ಎಲ್ಲ ಸೇವೆಗೂ ವಿಮೆ ಸಿಗುವುದಿಲ್ಲ. ಬುಕ್ ಮಾಡುವ ಮುಂಚೆಯೇ ಕೇಳಿ. ವಸ್ತುವಿನ ನಿಜ ಬೆಲೆಗಿಂತ ಹೆಚ್ಚಿಗೆ ವಿಮೆ ಮಾಡಿಸುವಂತಿಲ್ಲ, ಕಡಿಮೆಗೆ ಮಾಡಿಸಬಹುದು. ಐನೂರರ ಸಲಹೆ ಕೈಕೊಡುವುದು ಇಲ್ಲೇ. ಕಸ್ಟಮ್ಸಿಗೆ 500 ಎಂದು ಬರೆದು, ವಿಮೆಗೆ 18,000 ಎಂದರೆ ಎರಡು ಕಾಗದವೂ ಒಂದೇ ಪಾರ್ಸಲಿನ ಜೊತೆ ಹೋಗುತ್ತವೆ. ಸೀರೆ ಕಳೆದರೆ ಪರಿಹಾರ ಕೇಳುವಾಗ ನಿಮ್ಮ ಸಹಿಯಿರುವ 500ರ ಫಾರಂ ನಿಮಗೇ ಎದುರಾಗುತ್ತದೆ. ಅತ್ತ ಕಸ್ಟಮ್ಸಿನವರು ರೇಷ್ಮೆ ಸೀರೆಗೆ 500 ಎಂದರೆ ನಂಬುವುದಿಲ್ಲ. ಬಿಲ್ಲು ಕೇಳುತ್ತಾರೆ, ಪಾರ್ಸಲ್ ಅಲ್ಲೇ ಕೂರುತ್ತದೆ. ಹಾಗಾಗಿ ಎರಡೂ ಕಡೆ ಬಿಲ್ಲಿನ ಬೆಲೆಯನ್ನೇ ಬರೆಯಿರಿ. ಬಿಲ್ಲಿಲ್ಲದ ಹಳೇ ಸೀರೆಯಾದರೆ, ಈಗ ಮಾರಿದರೆ ಎಷ್ಟು ಸಿಗುತ್ತದೋ ಅಷ್ಟು.

ಬುಕ್ ಆದ ಮೇಲೆ ರಸೀದಿ, ಫಾರಂ, ಬಿಲ್ಲು, ತೆರೆದ ಪೆಟ್ಟಿಗೆ ಎಲ್ಲದರ ಫೋಟೊ ತೆಗೆದಿಡಿ. ಪೆಟ್ಟಿಗೆ ಜಜ್ಜಿಹೋಗಿ ಬಂದರೆ ಮಗಳು ಅದನ್ನು ಕಸಕ್ಕೆ ಹಾಕದೆ, ಒಳಗಿನ ಪ್ಯಾಕಿಂಗ್ ಸಮೇತ ಇಟ್ಟುಕೊಂಡು ಕೂಡಲೇ ಅಲ್ಲಿನ ಅಂಚೆಯವರಿಗೆ ತೋರಿಸಲಿ.